ಕಿರೇನಿಯಾ ಹಡಗು: ಒಂದು ಸರಕುನಾವೆಯ ಬಾಳು ಮತ್ತು ಮುಳುಗಡೆ

ಪ್ರಾಚೀನ ಮೆಡಿಟರೇನಿಯನ್ ಸಮುದ್ರದಲ್ಲಿ ಓಡಾಡಿದ ಯುದ್ಧನೌಕೆಗಳ ವಿಚಾರವಾಗಿ ಥುಸಿಡಿಡೀಸನಿಂದ ದಿಯೊದೊರಸನವರೆಗೆ ಗ್ರೀಕ್ ಇತಿಹಾಸಕಾರರು ಪುಟಗಟ್ಟಲೆ ಬರೆದಿದ್ದಾರೆ. ಅಥೆನ್ಸಿನ ನೌಕಾನೆಲೆಯ ಶಾಸನಗಳಲ್ಲಿ ಅವುಗಳ ಹೆಸರುಗಳೂ ಹುಟ್ಟುಗೋಲುಗಳ ಲೆಕ್ಕವೂ ಉಳಿದು ಬಂದಿವೆ. ದ್ವೀಪದಿಂದ ದ್ವೀಪಕ್ಕೆ ದ್ರಾಕ್ಷಾರಸ, ಎಣ್ಣೆ, ಬೀಸುಕಲ್ಲು ಹೊತ್ತು ತಿರುಗಿದ, ಬೆರಳೆಣಿಕೆಯ ಜನ ನಡೆಸುತ್ತಿದ್ದ ಸಣ್ಣ ಹಾಯಿನಾವೆಗಳಿಗೆ ಆ ಭಾಗ್ಯವಿರಲಿಲ್ಲ. ಅವು ಹುಟ್ಟಿದ ದಿನ, ಒಡೆಯನ ಹೆಸರು, ಮುಳುಗಿದ ಬಗೆ ಯಾವುದನ್ನೂ ಯಾರೂ ಬರೆದಿಡಲಿಲ್ಲವಾದ್ದರಿಂದ, ಅಂಥ ನಾವೆಯೊಂದರ ಚರಿತ್ರೆ ಬೇಕೆಂದರೆ ಅದರ ಮರವನ್ನೇ ಓದಬೇಕಾಗುತ್ತದೆ. ಸೈಪ್ರಸ್ ದ್ವೀಪದ ಉತ್ತರ ಕರಾವಳಿಯ ಕಿರೇನಿಯಾ ಪಟ್ಟಣದ ಮುಂದಿನ ಕಡಲಿನಿಂದ 1960ರ ದಶಕದ ಕೊನೆಯಲ್ಲಿ ಮೇಲೆತ್ತಲಾದ, ಸುಮಾರು 14 ಮೀಟರ್ ಉದ್ದದ ಗ್ರೀಕ್ ಸರಕುನಾವೆ ಇಂಥ ಓದಿಗೆ ದೊರೆತ ಅತ್ಯಂತ ಸಮೃದ್ಧ ಆಕರಗಳಲ್ಲೊಂದು. ಈ ನಾವೆಯ ಬಗೆಗಿನ ವಿದ್ವತ್ ಬರಹಗಳಲ್ಲಿ ಎರಡು ಪ್ರಶ್ನೆಗಳು ಹೆಣೆದುಕೊಂಡಿವೆ: ಅದು ಹೇಗೆ ಬದುಕಿತು ಎಂಬುದು ಒಂದು, ಹೇಗೆ ಸತ್ತಿತು ಎಂಬುದು ಇನ್ನೊಂದು. ಎರಡನೆಯದಕ್ಕೆ ಕಡಲ್ಗಳ್ಳರ ದಾಳಿಯೆಂಬ ಉತ್ತರ ಬಹುಕಾಲದಿಂದ ಪ್ರಚಾರದಲ್ಲಿದೆ. ಮೊದಲನೆಯ ಪ್ರಶ್ನೆಗೆ ಮರವು ಕೊಡುವ ಉತ್ತರವನ್ನು ಎದುರಿಗಿಟ್ಟುಕೊಂಡು ಈ ಪ್ರಸಿದ್ಧ ಉತ್ತರವನ್ನು ಮರುಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶೋಧದ ಕತೆ ಚಿಕ್ಕದು. 1965ರ ನವೆಂಬರಿನಲ್ಲಿ ಆಂಡ್ರಿಯಾಸ್ ಕಾರಿಯೊಲು ಎಂಬ ಕಿರೇನಿಯಾದ ಮುಳುಗುಗಾರ ಕಡಲ ತಳದಲ್ಲಿ ಮಣ್ಣಿನ ಜಾಡಿಗಳ ಗುಪ್ಪೆಯೊಂದನ್ನು ಕಂಡನು. ಆ ಜಾಗದ ಗುರುತು ತಪ್ಪಿಹೋದದ್ದರಿಂದ ಅದನ್ನು ಮತ್ತೆ ಪತ್ತೆಹಚ್ಚಲು ಅವನಿಗೆ ಬಹಳ ಕಾಲ ಹಿಡಿಯಿತು. 1967ರಲ್ಲಿ ಸೈಪ್ರಸ್ ಪ್ರಾಚ್ಯವಸ್ತು ಇಲಾಖೆಯ ಆಹ್ವಾನದ ಮೇಲೆ ಬಂದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದ ಮೈಕೇಲ್ ಕಾಟ್ಜೆವ್ ಅವರಿಗೆ ಅವನು ಜಾಗವನ್ನು ತೋರಿಸಿದನು. ದಡದಿಂದ ಒಂದು ಮೈಲಿಗೂ ಕಡಿಮೆ ದೂರದಲ್ಲಿ, ಸುಮಾರು 30 ಮೀಟರ್ ಆಳದಲ್ಲಿ ಬಿದ್ದಿದ್ದ ಆ ಅವಶೇಷವನ್ನು ಕಾಟ್ಜೆವ್ ನೇತೃತ್ವದ ತಂಡವು 1968 ಮತ್ತು 1969ರ ಬೇಸಿಗೆಗಳಲ್ಲಿ ಅಗೆಯಿತು. ಮೇಲೆ ಕಾಣುತ್ತಿದ್ದದ್ದು ಕೆಲವೇ ಹತ್ತಾರು ಜಾಡಿಗಳಾದರೂ, ಲೋಹಶೋಧಕ ಮತ್ತು ಕಾಂತಮಾಪಕಗಳಿಂದ ಮರಳನ್ನು ಪರೀಕ್ಷಿಸಿದಾಗ ಹೂತುಹೋದ ಭಾಗ ಅದಕ್ಕಿಂತ ಎಷ್ಟೋ ವಿಸ್ತಾರವಾಗಿದೆಯೆಂಬುದು ಸ್ಪಷ್ಟವಾಯಿತು. ಅಗೆಯುವ ಮೊದಲು ಇಡೀ ಪ್ರದೇಶವನ್ನು ಕೊಳವೆಗಳ ಚೌಕಳಿಗಳಾಗಿ ವಿಂಗಡಿಸಿ, ಪ್ರತಿ ಹಂತದಲ್ಲೂ ಜೋಡಿ ಛಾಯಾಚಿತ್ರಗಳಿಂದ ವಸ್ತುಗಳ ನೆಲೆಯನ್ನು ದಾಖಲಿಸಲಾಯಿತು. ನೆಲದ ಮೇಲಿನ ಉತ್ಖನನದ ಶಿಸ್ತನ್ನು ನೀರಿನಡಿಗೆ ಒಯ್ಯುವ ಈ ಕ್ರಮವನ್ನು ಜಾರ್ಜ್ ಬಾಸ್ ಅವರು ಅದೇ ದಶಕದ ಆರಂಭದಲ್ಲಿ ಟರ್ಕಿಯ ಕರಾವಳಿಯಲ್ಲಿ ರೂಢಿಸಿದ್ದರು.

ಸರಕಿನ ಕೆಳಗೆ ಹಡಗಿನ ಒಡಲಿನ ಅರ್ಧಕ್ಕೂ ಹೆಚ್ಚು ಭಾಗ ಉಳಿದಿತ್ತು. ನಾವೆಯು ಮುಳುಗಿ ತಳ ಸೇರಿದಾಗ ಎಡಬದಿಗೆ ವಾಲಿ ಕುಳಿತು, ಆ ಬದಿ ಬೇಗ ಕೆಸರಿನಲ್ಲಿ ಮುಚ್ಚಿಹೋಯಿತು. ತೆರೆದೇ ಉಳಿದ ಬಲಬದಿಯನ್ನು ಮರ ಕೊರೆಯುವ ಕಡಲಹುಳುಗಳು ತಿನ್ನುತ್ತ ಬಂದು, ಕಡೆಗೆ ಒಡಲು ತಳದ ಉದ್ದಕ್ಕೆ ಸೀಳಿ ಬಿಚ್ಚಿಕೊಂಡಿತು. ಈ ಮರಗಳನ್ನು ಒಂದೊಂದಾಗಿ ಗುರುತಿಸಿ, ಚೀಟಿ ಕಟ್ಟಿ, ಬಿಡಿಬಿಡಿಯಾಗಿ ಮೇಲೆತ್ತಿ ಕಿರೇನಿಯಾದ ಕೋಟೆಗೆ ಸಾಗಿಸಲಾಯಿತು. ಸಾವಿರಾರು ವರ್ಷ ನೀರಲ್ಲಿ ನೆನೆದ ಮರ ಒಣಗಿದರೆ ಕುಗ್ಗಿ ಮುರುಟಿ ಪುಡಿಯಾಗುತ್ತದೆ. ಅದನ್ನು ತಡೆಯಲು ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ರಾಸಾಯನಿಕದ ತೊಟ್ಟಿಗಳಲ್ಲಿ ಅವುಗಳನ್ನು ದೀರ್ಘಕಾಲ ನೆನೆಯಿಟ್ಟು, ಮರದ ಜೀವಕೋಶಗಳೊಳಗಿನ ನೀರಿನ ಜಾಗವನ್ನು ಆ ಮೇಣದಿಂದ ತುಂಬಿಸಲಾಯಿತು. ಮರವನ್ನು ಉಳಿಸಿದ ಈ ಮೇಣವೇ ಮುಂದೆ ಕಾಲನಿರ್ಣಯಕ್ಕೆ ತೊಡಕಾದದ್ದನ್ನು ಕೆಳಗೆ ನೋಡಬಹುದು.

ಬಿಡಿ ಮರಗಳನ್ನು ಮತ್ತೆ ಹಡಗಾಗಿ ಜೋಡಿಸಿದವರು ಜೆ. ರಿಚರ್ಡ್ ಸ್ಟೆಫಿ. ಪೆನ್ಸಿಲ್ವೇನಿಯಾದ ಸಣ್ಣ ಊರೊಂದರಲ್ಲಿ ವಿದ್ಯುತ್ ಕೆಲಸದ ವ್ಯವಹಾರ ನಡೆಸುತ್ತಿದ್ದು, ಬಿಡುವಿನಲ್ಲಿ ಹಡಗುಗಳ ಮಾದರಿಗಳನ್ನು ಕಟ್ಟುತ್ತಿದ್ದ ಇವರು 1970ರ ದಶಕದ ಆರಂಭದಲ್ಲಿ ಕುಟುಂಬಸಮೇತ ಸೈಪ್ರಸ್‌ಗೆ ಬಂದು ಈ ಕೆಲಸಕ್ಕೆ ಕೈಹಾಕಿದರು. ಔಪಚಾರಿಕ ಪುರಾತತ್ತ್ವ ಶಿಕ್ಷಣವಿಲ್ಲದ ಒಬ್ಬರು ಒಂದು ಅಧ್ಯಯನ ಶಾಖೆಗೇ ಬುನಾದಿ ಹಾಕಿದ ಉದಾಹರಣೆ ವಿದ್ವತ್ ಲೋಕದಲ್ಲಿ ವಿರಳ. ಸ್ಟೆಫಿ ಅವರು ಮೊದಲೇ ಒಂದು ಆಕಾರವನ್ನು ಊಹಿಸಿಕೊಂಡು ಮರವನ್ನು ಅದಕ್ಕೆ ಹೊಂದಿಸಲು ಹೋಗಲಿಲ್ಲ; ಪ್ರತಿ ಹಲಗೆಯ ಅಂಚಿನಲ್ಲಿದ್ದ ಗುಳಿಗಳನ್ನು ಪಕ್ಕದ ಹಲಗೆಯ ಗುಳಿಗಳಿಗೆ ತಾಳೆಹಾಕುತ್ತ, ಮೊದಲು ಮಾದರಿಗಳಲ್ಲಿ ಪ್ರಯೋಗ ಮಾಡಿ, ಮರವೇ ತನ್ನ ಬಾಗನ್ನು ತೋರಿಸುವಂತೆ ಮಾಡಿದರು. ಹಡಗಿನ ರಚನಾಕ್ರಮ ಹೀಗೆ ತಾನಾಗಿ ಹೊರಬಿತ್ತು.

ಆ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಗಮನಿಸಬೇಕು, ಏಕೆಂದರೆ ದುರಸ್ತಿಗಳ ಚರಿತ್ರೆ ಅದನ್ನೇ ಅವಲಂಬಿಸಿದೆ. ಇತ್ತೀಚಿನ ಶತಮಾನಗಳ ಯುರೋಪಿನ ಮರದ ಹಡಗುಗಳಲ್ಲಿ ಮೊದಲು ಅಡಿಮರವನ್ನು, ಎಂದರೆ ತಳದ ನಡುವೆ ಉದ್ದಕ್ಕೂ ಸಾಗುವ ದಪ್ಪ ತೊಲೆಯನ್ನು, ಮಲಗಿಸಿ, ಅದರ ಮೇಲೆ ಪಕ್ಕೆಮರಗಳ ಚೌಕಟ್ಟನ್ನು ನಿಲ್ಲಿಸಿ, ಆ ಮೇಲೆ ಹಲಗೆಗಳನ್ನು ಹೊದಿಸುತ್ತಾರೆ. ಬಲವಿರುವುದು ಚೌಕಟ್ಟಿನಲ್ಲಿ, ಹಲಗೆ ಬರಿಯ ಹೊದಿಕೆ. ಕಿರೇನಿಯಾ ನಾವೆಯಲ್ಲಿ ಕೆಲಸ ತಲೆಕೆಳಗಾಗಿ ನಡೆದಿದೆ. ಪೈನ್ ಜಾತಿಯ ಅಡಿಮರಕ್ಕೆ ಮೊದಲ ಹಲಗೆಯನ್ನು, ಆ ಹಲಗೆಗೆ ಮುಂದಿನದನ್ನು ಅಂಚಿಗೆ ಅಂಚು ತಾಗಿಸಿ ಸೇರಿಸುತ್ತ, ಹೊರಗಿನ ಚಿಪ್ಪನ್ನು ಮೊದಲು ಕಟ್ಟಿ, ಪಕ್ಕೆಮರಗಳನ್ನು ನಂತರ ಒಳಗಿನಿಂದ ಕೂರಿಸಲಾಗಿದೆ. ಹಲಗೆಗಳನ್ನು ಸೇರಿಸಲು ಎದುರುಬದುರು ಅಂಚುಗಳಲ್ಲಿ ಆಯತಾಕಾರದ ಗುಳಿಗಳನ್ನು ಕೊರೆದು, ಅವುಗಳಲ್ಲಿ ಓಕ್ ಮರದ ಚಪ್ಪಟೆ ನಾಲಗೆಯನ್ನು ಬಿಗಿಯಾಗಿ ಕೂರಿಸಿ, ಹಲಗೆ ಮತ್ತು ನಾಲಗೆ ಎರಡನ್ನೂ ತೂತಿಟ್ಟು ಮರದ ಗೂಟವನ್ನು ಹೊಡೆದಿದ್ದಾರೆ. ಒಂದು ಸೇರಿಕೆಯಿಂದ ಇನ್ನೊಂದಕ್ಕೆ ಒಂದು ಗೇಣಿಗೂ ಕಡಿಮೆ ಅಂತರ. ಇಡೀ ಒಡಲಿನಲ್ಲಿ ಇಂಥ ನಾಲ್ಕು ಸಾವಿರದಷ್ಟು ಸೇರಿಕೆಗಳಿದ್ದುವೆಂದು ಲೆಕ್ಕ ಹಾಕಲಾಗಿದೆ. ಪಕ್ಕೆಮರಗಳನ್ನು ಹಲಗೆಗೆ ಬಿಗಿಯಲು ಹೊರಗಿನಿಂದ ಉದ್ದನೆಯ ತಾಮ್ರದ ಮೊಳೆಗಳನ್ನು ಬಡಿದು, ಒಳಗೆ ಹೊರಚಾಚಿದ ತುದಿಯನ್ನು ಬಗ್ಗಿಸಿ ಮತ್ತೆ ಮರದೊಳಕ್ಕೆ ಚುಚ್ಚಲಾಗಿದೆ. ಹೀಗೆ ಕಟ್ಟಿದ ನಾವೆಯಲ್ಲಿ ಬಲವೆಲ್ಲ ಚಿಪ್ಪಿನಲ್ಲಿರುತ್ತದೆ. ಬಡಗಿಗೆ ನಕ್ಷೆಯ ಅಗತ್ಯ ಕಡಿಮೆ. ಪ್ರತಿ ಹಲಗೆಯ ಬಾಗನ್ನು ಕಣ್ಣಳತೆಯಲ್ಲಿ ತೀರ್ಮಾನಿಸುತ್ತ ಅವನು ಒಡಲನ್ನು ಕೆತ್ತಿದಂತೆಯೇ ರೂಪಿಸುತ್ತಾನೆ. ಇದಕ್ಕೆ ತಗಲುವ ಮರವೂ ಶ್ರಮವೂ ವಿಪರೀತ, ಕೊರೆದು ಹಾಳಾಗುವ ಮರವೂ ಕಡಿಮೆಯಲ್ಲ. ಒಂದು ಸಾಧಾರಣ ಸರಕುನಾವೆಗೆ ಇಷ್ಟು ಸೂಕ್ಷ್ಮದ ಬಡಗಿ ಕೆಲಸ ಸಂದಿತ್ತೆಂಬುದು, ಅಂದಿನ ಹಡಗು ಎಂಥ ದೀರ್ಘಾವಧಿಯ ಹೂಡಿಕೆಯಾಗಿತ್ತೆಂಬುದನ್ನು ಸೂಚಿಸುತ್ತದೆ.

ಚಿಪ್ಪನ್ನು ಮೊದಲು ಕಟ್ಟುವ ಈ ತತ್ತ್ವ ಭಾರತದ ಪಶ್ಚಿಮ ಕರಾವಳಿಗೂ ಅಪರಿಚಿತವಲ್ಲ. ಅರಬ್ಬಿ ಸಮುದ್ರದ ಹಳೆಯ ನಾವೆಗಳಲ್ಲಿ ಹಲಗೆಗಳ ಅಂಚುಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿಯುತ್ತಿದ್ದರು, ಪಕ್ಕೆಮರಗಳು ಅಲ್ಲಿಯೂ ಆಮೇಲೆ ಬರುತ್ತಿದ್ದವು. ಅಜಂತಾದ ಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು ಇದೇ ಹೊಲಿಗೆ ಕ್ರಮದಲ್ಲಿ ಕಟ್ಟಿದ ‘ಕೌಂಡಿನ್ಯ’ ಹಾಯಿಹಡಗನ್ನು ಭಾರತೀಯ ನೌಕಾಪಡೆ 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ಸೇರ್ಪಡೆ ಮಾಡಿಕೊಂಡಿತು. ಗ್ರೀಕರ ನಾಲಗೆ–ಗುಳಿಯ ಸೇರಿಕೆ ಗಡುಸು, ಹೊಲಿಗೆ ಬಳುಕುವಂಥದು. ಅಲೆಯ ಹೊಡೆತವನ್ನು ಎರಡೂ ಬೇರೆಬೇರೆ ರೀತಿಯಲ್ಲಿ ತಾಳಿಕೊಳ್ಳುತ್ತವೆ. ಗಡುಸಾದ ಚಿಪ್ಪಿಗೆ ವಯಸ್ಸಾದಾಗ ಒದಗುವ ಕಷ್ಟವೇ ಬೇರೆ: ಹುರಿ ಸಡಿಲಗೊಂಡರೆ ಮರುಹೊಲಿಗೆ ಹಾಕಬಹುದು, ಮರದ ನಾಲಗೆ ಕೊಳೆತರೆ ಹಲಗೆಯನ್ನೇ ಕಿತ್ತು ಹೊಸದನ್ನು ಕೂರಿಸಬೇಕಾಗುತ್ತದೆ.

ಕಿರೇನಿಯಾ ನಾವೆಗೆ ಈ ಕಷ್ಟ ಒದಗಿತ್ತೆಂಬುದಕ್ಕೆ ಅದರ ಮೈತುಂಬ ಸಾಕ್ಷ್ಯಗಳಿವೆ. ಅಡಿಮರದಲ್ಲಿ ಒಂದು ಕಡೆ ಬಿರುಕು ಬಿಟ್ಟು, ಆ ಭಾಗವನ್ನು ಕತ್ತರಿಸಿ ಬೇರೆ ಮರದ ತುಂಡನ್ನು ಹುದುಗಿಸಲಾಗಿದೆ. ತಳವೇ ಸೀಳುವಂಥ ಇಂಥ ಪೆಟ್ಟು ಬೀಳಬೇಕಾದರೆ ನಾವೆಯನ್ನು ದಡಕ್ಕೆಳೆಯುವಾಗಲೋ ಬಂಡೆಗೆ ತಾಗಿದಾಗಲೋ ದೊಡ್ಡ ಆಘಾತವಾಗಿರಬೇಕು. ಒಡೆಯನು ಅಷ್ಟಕ್ಕೂ ಅದನ್ನು ಕೈಬಿಡದೆ ದುರಸ್ತಿ ಮಾಡಿಸಿದ್ದಾನೆ. ಮೂತಿಯ ಭಾಗದ ಹಲಗೆಗಳು ಕೊಳೆತದ್ದರಿಂದ ಅಲ್ಲಿ ಬೇರೆ ಹಲಗೆಗಳನ್ನು ಕೂರಿಸಲಾಗಿದೆ, ಅಲ್ಲಲ್ಲಿ ತೇಪೆಗಳು ಬಿದ್ದಿವೆ. ಹಾಯಿಕಂಬದ ಬುಡವನ್ನು ಹಿಡಿದಿಡುವ ಮರವನ್ನು ಅದರ ಮೂಲಸ್ಥಾನದಿಂದ ಕದಲಿಸಿದ ಗುರುತಿದೆ. ಕಟ್ಟಕಡೆಗೆ, ನಾವೆಯ ಬಾಳಿನ ಉತ್ತರಾರ್ಧದಲ್ಲಿ, ಒಡಲಿನ ಹೊರಮೈಗೆ ತೆಳುವಾದ ಸೀಸದ ತಗಡನ್ನು ಹೊದಿಸಿ ಸಣ್ಣ ತಾಮ್ರದ ಮೊಳೆಗಳಿಂದ ಬಡಿಯಲಾಗಿದೆ. ಹೊಸ ಹಡಗಿಗೇ ಸೀಸ ಹೊದಿಸುವ ರೂಢಿ ನಂತರದ ಶತಮಾನಗಳ ಕೆಲವು ಅವಶೇಷಗಳಲ್ಲಿ ಕಂಡುಬರುತ್ತದೆ. ಅಲ್ಲಿ ಉದ್ದೇಶ ಕಡಲಹುಳುಗಳ ತಡೆಯೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇಲ್ಲಿ ಮಾತ್ರ ತಗಡು ದುರಸ್ತಿಯಾದ ಹಲಗೆಗಳ ಮೇಲೆ ಹಾದುಹೋಗಿರುವುದರಿಂದ, ಸೇರಿಕೆಗಳು ಸಡಿಲವಾಗಿ ನೀರು ಒಸರುತ್ತಿದ್ದ ಮುದಿ ಒಡಲನ್ನು ಇನ್ನೂ ಕೆಲವು ಋತು ದುಡಿಸಿಕೊಳ್ಳುವ ಉಪಾಯವಾಗಿ ಅದನ್ನು ಅರ್ಥೈಸುವುದೇ ಸಮಂಜಸ. ಸ್ಟೆಫಿ ಅವರ ತೀರ್ಮಾನವೂ ಈ ದಿಕ್ಕಿನದೇ.

ಈ ದುರಸ್ತಿಗಳಲ್ಲಿ ಒಂದು ತಾರತಮ್ಯವನ್ನೂ ಗಮನಿಸಬಹುದು. ಮೊದಮೊದಲಿನ ಕೆಲಸಗಳಲ್ಲಿ ಹಲಗೆಯನ್ನು ಮೂಲದ ಕ್ರಮದಲ್ಲೇ ಸೇರಿಸುವ ಶ್ರದ್ಧೆ ಕಾಣುತ್ತದೆ. ಕಡೆಯ ಕೆಲಸಗಳು ಮೇಲೆ ಮುಚ್ಚಿ ಸಾಗಿಸುವ ಬಗೆಯವು. ಒಡೆಯನ ಕೈಯಲ್ಲಿ ಹಣ ಕಡಿಮೆಯಾಗಿತ್ತೋ, ಅಥವಾ ನಾವೆಯ ಮೇಲೆ ಇನ್ನು ಹಣ ಸುರಿದು ಪ್ರಯೋಜನವಿಲ್ಲವೆಂಬ ಲೆಕ್ಕಾಚಾರವೋ ಹೇಳಲಾಗದು. ಹಳೆಯ ಲಾರಿ ಬಸ್ಸುಗಳ ಮಾಲೀಕರು ಬಲ್ಲ ಲೆಕ್ಕಾಚಾರವೇ ಇದು.

ಇನ್ನು ಸರಕಿನ ವಿಚಾರ. ದೊರೆತ ಆಂಫೊರಗಳು, ಎಂದರೆ ಎರಡು ಹಿಡಿಕೆ ಮತ್ತು ಚೂಪು ತಳದ ದೊಡ್ಡ ಮಣ್ಣಿನ ಜಾಡಿಗಳು, ನಾನೂರರ ಸಮೀಪ. ಇವುಗಳಲ್ಲಿ ಹೆಚ್ಚಿನವು ರೋಡ್ಸ್ ದ್ವೀಪದ ಮಾದರಿಯವು, ದ್ರಾಕ್ಷಾರಸ ತುಂಬಲು ಬಳಸುತ್ತಿದ್ದಂಥವು. ಸ್ಯಾಮೋಸ್ ದ್ವೀಪಕ್ಕೆ ಸಂಬಂಧಿಸಿದವೂ ಇತರ ಕೆಲವು ಬಗೆಯವೂ ಜೊತೆಗಿವೆ. ಚೂಪು ತಳ ನೆಲದ ಮೇಲೆ ನಿಲ್ಲಿಸಲು ಬಾರದ್ದಾದರೂ ಹಡಗಿನ ಒಡಲಲ್ಲಿ ಮೇಲಿನ ಸಾಲಿನ ಜಾಡಿಯ ತುದಿ ಕೆಳಗಿನ ಸಾಲಿನ ಹೆಗಲುಗಳ ನಡುವೆ ಕೂರುವುದರಿಂದ ಸರಕು ಅಲುಗಾಡದು. ಜಾಡಿಗಳ ಕೆಳಗೆ, ಅಡಿಮರದ ಉದ್ದಕ್ಕೆ ಸಾಲಾಗಿ, ಅಗ್ನಿಶಿಲೆಯಲ್ಲಿ ಕಡಿದ 29 ಬೀಸುಕಲ್ಲಿನ ತುಂಡುಗಳು ಜೋಡಿಸಲ್ಪಟ್ಟಿದ್ದವು. ಇವು ತಳಭಾರ, ಅಂದರೆ ಹಾಯಿಗೆ ಗಾಳಿ ಬಡಿದಾಗ ನಾವೆ ಮಗುಚದಂತೆ ತಳದಲ್ಲಿಡುವ ಭಾರ. ಅವಕಾಶ ಸಿಕ್ಕರೆ ಮಾರಿಬಿಡಬಹುದಾದ ಸರಕೂ ಹೌದು. ಇವಲ್ಲದೆ ಹತ್ತು ಸಾವಿರದಷ್ಟು ಬಾದಾಮಿಗಳು ಸಿಪ್ಪೆಸಮೇತ ದೊರೆತಿವೆ. ಅವುಗಳಲ್ಲಿ ಬಹುಪಾಲು ಜಾಡಿಗಳ ಆಕಾರದಲ್ಲಲ್ಲದೆ ರಾಶಿಯಾಗಿ ಬಿದ್ದಿದ್ದರಿಂದ, ಕಾಲಾಂತರದಲ್ಲಿ ಕೊಳೆತುಹೋದ ಚೀಲಗಳಲ್ಲಿ ಅವನ್ನು ತುಂಬಿದ್ದಿರಬೇಕು. ಒಟ್ಟು ಹೊರೆ ಹೊರುವ ಸಾಮರ್ಥ್ಯ 30 ಟನ್ನಿಗೆ ಒಳಗೆಂದು ಅಂದಾಜು. ಸ್ಯಾಮೋಸ್ ಕಡೆಯಿಂದ ತೆಂಕಲಿಗೆ ರೋಡ್ಸ್, ಅಲ್ಲಿಂದ ಮೂಡಲಿಗೆ ಅನಾತೋಲಿಯಾದ ದಂಡೆಯನ್ನು ಹಿಡಿದು ಸೈಪ್ರಸ್: ಸರಕಿನ ಮೂಲಗಳನ್ನು ನಕ್ಷೆಯಲ್ಲಿ ಕೂಡಿಸಿದರೆ ದೊರೆಯುವ ದಾರಿ ಇದು. ಎಲ್ಲ ಜಾಡಿಗಳೂ ಒಂದೊಂದು ಹುಟ್ಟೂರಿನಲ್ಲೇ ಹೇರಲ್ಪಟ್ಟವೆಂದು ಇದರಿಂದ ಸಿದ್ಧವಾಗದು. ರೋಡ್ಸ್ ಅಂದು ಇಡೀ ಪೂರ್ವ ಮೆಡಿಟರೇನಿಯನ್ನಿನ ಸರಕು ಬದಲಾಗುವ ಕಟ್ಟೆಯಾಗಿತ್ತಾದ್ದರಿಂದ, ಅಲ್ಲಿನ ಒಂದೇ ಬಂದರಿನಲ್ಲಿ ಎಲ್ಲವನ್ನೂ ಕೊಂಡಿರಬಹುದಾದ ಸಾಧ್ಯತೆಯನ್ನು ತೆರೆದಿಡಬೇಕು.

ನಾವೆಯನ್ನು ನಡೆಸುತ್ತಿದ್ದವರ ಸಂಖ್ಯೆ ಊಟದ ಸಾಮಾನಿನಿಂದ ತಿಳಿಯುತ್ತದೆ. ಕುಡಿಯುವ ಬಟ್ಟಲು ನಾಲ್ಕು, ಎಣ್ಣೆಯ ಗಿಂಡಿ ನಾಲ್ಕು, ಉಪ್ಪಿನ ತಟ್ಟೆ ನಾಲ್ಕು, ಮರದ ಚಮಚ ನಾಲ್ಕು. ಒಬ್ಬ ಯಜಮಾನ, ಮೂವರು ಖಲಾಸಿಗಳು ಎಂದುಕೊಳ್ಳಲು ಅಡ್ಡಿಯಿಲ್ಲ. ಪಾತ್ರೆಗಳು ದೊರೆತವಾದರೂ ಹಡಗಿನ ಮೇಲೆ ಒಲೆಯ ಗುರುತಿಲ್ಲ. ಸಂಜೆ ದಡ ಸೇರಿ ಅಡುಗೆ ಮಾಡಿಕೊಳ್ಳುತ್ತಿದ್ದರೆಂದು ಇದರಿಂದ ತರ್ಕಿಸಲಾಗಿದೆ. ಮೂತಿಯ ಭಾಗದಲ್ಲಿ ಬಲೆಗೆ ಕಟ್ಟುವ ಸೀಸದ ಗುಂಡುಗಳು ಮುನ್ನೂರರಷ್ಟು ಸಿಕ್ಕಿರುವುದು, ದಾರಿಯಲ್ಲಿ ಮೀನು ಹಿಡಿಯುವುದು ಅವರ ನಿತ್ಯದ ಪರಿಪಾಠವಾಗಿತ್ತೆಂದು ತೋರಿಸುತ್ತದೆ. ಅಂಜೂರ, ಆಲಿವ್, ದ್ರಾಕ್ಷಿಯ ಬೀಜಗಳೂ ಕೆಸರಿನಲ್ಲಿ ಉಳಿದಿದ್ದವು. ಹಿಂಭಾಗದಲ್ಲಿ ನೂರಕ್ಕೂ ಮಿಕ್ಕಿ ಸೀಸದ ಬಳೆಗಳಿದ್ದವು. ಚೌಕಾಕಾರದ ಹಾಯಿಯ ಮೇಲೆ ಸಾಲುಸಾಲಾಗಿ ಇವನ್ನು ಹೊಲಿದು, ಅವುಗಳೊಳಗೆ ಹಗ್ಗ ಹಾಯಿಸಿ ಕೆಳಗಿನಿಂದಲೇ ಜಗ್ಗಿದರೆ ಹಾಯಿ ಮೇಲಕ್ಕೆ ಮಡಚಿಕೊಳ್ಳುತ್ತದೆ, ಯಾರೂ ಕಂಬ ಹತ್ತಬೇಕಿಲ್ಲ. ನಾಲ್ಕೇ ಜನ ಇಂಥ ನಾವೆಯನ್ನು ನಡೆಸಲು ಸಾಧ್ಯವಾದದ್ದು ಈ ಹಗ್ಗ–ಬಳೆಗಳ ವ್ಯವಸ್ಥೆಯಿಂದಲೇ. ಬಳೆಗಳು ಕಂಬದ ಬಳಿ ಹರಡಿರದೆ ಹಿಂಭಾಗದಲ್ಲಿ ಒಟ್ಟಾಗಿ ದೊರೆತದ್ದರಿಂದ, ಮುಳುಗುವ ಹೊತ್ತಿಗೆ ಹಾಯಿಯನ್ನು ಬಿಚ್ಚಿ ಅಲ್ಲಿ ಸುತ್ತಿಟ್ಟಿದ್ದರೋ ಅಥವಾ ಅದು ಬದಲಿ ಹಾಯಿಯೋ ಎಂಬ ಪ್ರಶ್ನೆ ಏಳುತ್ತದೆ. ಮೊದಲನೆಯದೇ ನಿಜವಾದರೆ ಕೊನೆಯ ಗಳಿಗೆಯ ಚಿತ್ರ ಬಹಳಷ್ಟು ಬದಲಾಗುತ್ತದೆ. ಹಾಯಿ ಬಿಚ್ಚಿದ ನಾವೆ ಗಾಳಿಗೆ ಓಡುತ್ತಿರಲಿಲ್ಲ.

ಕಾಲನಿರ್ಣಯದ ಪ್ರಶ್ನೆ ಈ ಹಡಗಿನ ಮಟ್ಟಿಗೆ ಅರ್ಧ ಶತಮಾನದುದ್ದಕ್ಕೂ ಜೀವಂತವಾಗಿದೆ. ದೊರೆತ ಕೆಲವೇ ಕಂಚಿನ ನಾಣ್ಯಗಳು ಕ್ರಿ.ಪೂ. 4ನೇ ಶತಮಾನದ ಕೊನೆಯವು, ಅಲೆಕ್ಸಾಂಡರನ ಉತ್ತರಾಧಿಕಾರಿಗಳಾದ ಆಂಟಿಗೊನಸ್ ಮತ್ತು ಅವನ ಮಗ ದೆಮೆತ್ರಿಯಸರ ಕಾಲಕ್ಕೆ ಸೇರಿದವು. ಅಗೆತದ ಬೆನ್ನಿಗೇ ನಡೆಸಿದ ರೇಡಿಯೊ ಕಾರ್ಬನ್ ಪರೀಕ್ಷೆಯು ಹಲಗೆಯ ಮರಕ್ಕೆ ಕ್ರಿ.ಪೂ. 389, ಬಾದಾಮಿಗೆ ಕ್ರಿ.ಪೂ. 288 ಎಂಬ ಕಾಲವನ್ನು ಕೊಟ್ಟಿತು. ಮೊದಲನೆಯದರಲ್ಲಿ 44 ವರ್ಷ, ಎರಡನೆಯದರಲ್ಲಿ 62 ವರ್ಷ ಹೆಚ್ಚುಕಡಿಮೆಗೆ ಅವಕಾಶವಿತ್ತು. ಎರಡು ಅಂಕೆಗಳನ್ನು ಕಳೆದು, ನಾವೆಯು ಮುಳುಗುವಾಗ ಅದಕ್ಕೆ 80 ವರ್ಷಕ್ಕೂ ಮೀರಿದ ವಯಸ್ಸಾಗಿತ್ತೆಂಬ ಮಾತು ಜನಪ್ರಿಯ ಬರಹಗಳಲ್ಲಿ ನೆಲೆಯೂರಿತು. ಈ ವ್ಯವಕಲನ ಎರಡು ಕಾರಣಗಳಿಂದ ದುರ್ಬಲ. ರೇಡಿಯೊ ಕಾರ್ಬನ್ ಪರೀಕ್ಷೆಯು ಪರೀಕ್ಷೆಗೊಳಗಾದ ವಾರ್ಷಿಕ ಉಂಗುರ ಬೆಳೆದ ವರ್ಷವನ್ನು ಹೇಳುತ್ತದೆ, ಮರ ಕಡಿದ ವರ್ಷವನ್ನಲ್ಲ. ನೂರು ವರ್ಷದ ಮರದ ತಿರುಳಿನಿಂದ ತೆಗೆದ ಚೂರು ಹಲಗೆಯಾಗುವ ಮೊದಲೇ ನೂರು ವರ್ಷ ಹಳೆಯದಾಗಿರುತ್ತದೆ. ಮೇಲಾಗಿ ತಪ್ಪಿನ ಅಂಚುಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಎರಡು ಅಂಕೆಗಳ ವ್ಯಾಪ್ತಿಗಳು ತುದಿಯಲ್ಲಿ ಒಂದನ್ನೊಂದು ತಾಗುತ್ತವೆ.

ಸ್ಟರ್ಟ್ ಮ್ಯಾನಿಂಗ್ ಮತ್ತು ಸಂಗಡಿಗರು 2024ರಲ್ಲಿ ಪ್ರಕಟಿಸಿದ ಅಧ್ಯಯನ ಈ ಗೋಜಲನ್ನು ಬಹುಮಟ್ಟಿಗೆ ಬಿಡಿಸಿದೆ. ಸಂರಕ್ಷಣೆಗೆಂದು ತುಂಬಿದ ಮೇಣ ಪೆಟ್ರೋಲಿಯಂ ಮೂಲದ್ದು. ಅದರಲ್ಲಿನ ಇಂಗಾಲ ಭೂಗರ್ಭದಷ್ಟು ಹಳೆಯದಾದ್ದರಿಂದ, ಮರದಲ್ಲಿ ಅದರ ಅಂಶ ಸ್ವಲ್ಪ ಉಳಿದರೂ ಪರೀಕ್ಷೆ ಮರವನ್ನು ಇದ್ದುದಕ್ಕಿಂತ ಮುದಿಯಾಗಿ ತೋರಿಸುತ್ತದೆ. ಮೇಣವನ್ನು ಪೂರ್ತಿಯಾಗಿ ತೊಳೆಯುವ ವಿಧಾನವನ್ನು ಈ ತಂಡ ರೂಪಿಸಿತು, ಮೇಣ ಸೋಕದೆ ಉಳಿದಿದ್ದ ಮರದ ಚೂರೊಂದನ್ನೂ, ಬಾದಾಮಿಯನ್ನೂ, ದಾಳದಂತೆ ಆಟಕ್ಕೆ ಬಳಸುತ್ತಿದ್ದ ಕುರಿ ಅಥವಾ ಆಡಿನ ಕಾಲಿನ ಹರಡಿನ ಎಲುಬನ್ನೂ ಪರೀಕ್ಷಿಸಿತು. ಆದರೂ ಫಲಿತಾಂಶಗಳು ನಾಣ್ಯ, ಜಾಡಿಗಳ ಸಾಕ್ಷ್ಯಕ್ಕೆ ಹೊಂದದೆ ಹೋದಾಗ, ದೋಷ ಪರೀಕ್ಷೆಯಲ್ಲಲ್ಲದೆ ಅಳತೆಗೋಲಿನಲ್ಲೇ ಇರಬಹುದೆಂಬ ಶಂಕೆ ಮೂಡಿತು. ರೇಡಿಯೊ ಕಾರ್ಬನ್ ಅಂಕೆಯನ್ನು ಕ್ಯಾಲೆಂಡರ್ ವರ್ಷಕ್ಕೆ ಪರಿವರ್ತಿಸಲು, ಕಾಲ ಗೊತ್ತಿರುವ ಮರದ ಉಂಗುರಗಳಿಂದ ಕಟ್ಟಿದ ಪ್ರಮಾಣರೇಖೆಯೊಂದನ್ನು ಜಗತ್ತಿನೆಲ್ಲೆಡೆ ಬಳಸುತ್ತಾರೆ, ಕ್ರಿ.ಪೂ. 350ರಿಂದ 250ರವರೆಗಿನ ಅದರ ಭಾಗ ಹಳೆಯ ಅಳತೆಗಳನ್ನು ನಂಬಿಕೊಂಡಿದ್ದರಿಂದ, ಸಿಕೋಯ ಮತ್ತು ಓಕ್ ಉಂಗುರಗಳನ್ನು ಒಂದೊಂದಾಗಿ ಅಳೆದು ಅದನ್ನೇ ತಿದ್ದಬೇಕಾಯಿತು. ತಿದ್ದಿದ ರೇಖೆಯ ಪ್ರಕಾರ ನಾವೆಯ ಕೊನೆಯ ಪ್ರಯಾಣ ಕ್ರಿ.ಪೂ. 286 ಮತ್ತು 272ರ ನಡುವೆ ನಡೆದಿರುವ ಸಂಭವ ಹೆಚ್ಚು. ಅದು ಹಿಂದೆ ನಂಬಿದ್ದಕ್ಕಿಂತ ಸ್ವಲ್ಪ ಈಚಿನದು. ಒಂದು ಸಣ್ಣ ಸರಕುನಾವೆಯ ಬಾದಾಮಿಗಳಿಂದಾಗಿ ಇಡೀ ಶತಮಾನದ ಪ್ರಮಾಣರೇಖೆ ತಿದ್ದುಪಡಿಗೊಂಡದ್ದು ಪುರಾತತ್ತ್ವದ ಚರಿತ್ರೆಯಲ್ಲಿ ನೆನಪಿಡಬೇಕಾದ ಸಂಗತಿ.

ಮುಳುಗಡೆಯ ಕಾರಣದ ಚರ್ಚೆಗೆ ಈ ಕಾಲಾಂತರ ನೇರವಾಗಿ ಸಂಬಂಧಿಸಿದೆ. ಕಡಲ್ಗಳ್ಳರ ಕಲ್ಪನೆಯನ್ನು ಮುಂದಿಟ್ಟವರು ಕಾಟ್ಜೆವ್ ದಂಪತಿ. ಅವರ ಆಧಾರಗಳು ಗೌಣವಲ್ಲ. ಒಡಲಿನ ಕೆಳಗೆ, ಹೊರಮೈಗೆ ಅಂಟಿಕೊಂಡಂತೆ, ಎಂಟು ಕಬ್ಬಿಣದ ಈಟಿಮೊನೆಗಳು ದೊರೆತವು. ನಾವಿಕರ ಬಳಿ ಇರಬೇಕಾದ ಬೆಲೆಬಾಳುವ ವಸ್ತುಗಳಾಗಲಿ, ವ್ಯಾಪಾರಕ್ಕೆ ಬೇಕಾದಷ್ಟು ನಾಣ್ಯವಾಗಲಿ ಹಡಗಿನಲ್ಲಿ ಇರಲಿಲ್ಲ. ಇನ್ನೊಂದು ವಿಚಿತ್ರ ವಸ್ತುವೆಂದರೆ ಮಡಚಿ ತಾಮ್ರದ ಮೊಳೆಯಿಂದ ಚುಚ್ಚಿದ ಸೀಸದ ತಗಡು. ಶತ್ರುವಿನ ಹೆಸರು ಬರೆದು, ಮಡಚಿ, ಮೊಳೆ ಹೊಡೆದು ಪಾತಾಳದ ದೇವತೆಗಳಿಗೆ ಒಪ್ಪಿಸುವ ಶಾಪದ ತಗಡುಗಳು ಗ್ರೀಕ್ ಲೋಕದಲ್ಲಿ ಹೇರಳವಾಗಿ ಸಿಕ್ಕಿವೆ. ಕೊಳ್ಳೆ ಹೊಡೆದವರು ತಮ್ಮ ಕೃತ್ಯ ಬೆಳಕಿಗೆ ಬಾರದಿರಲೆಂದು ನಾವೆಗೆ ಇದನ್ನು ಬಡಿದು ಮುಳುಗಿಸಿದರೆಂಬುದು ಈ ವಾದ. ಉತ್ತರಾಧಿಕಾರಿಗಳ ಯುದ್ಧಕಾಲದಲ್ಲಿ ಕಡಲ್ಗಳ್ಳತನ ಹೆಚ್ಚಿತ್ತೆಂಬುದಕ್ಕೂ ಆಧಾರವಿದೆ: ಕ್ರಿ.ಪೂ. 305–304ರಲ್ಲಿ ರೋಡ್ಸನ್ನು ಮುತ್ತಿದ ದೆಮೆತ್ರಿಯಸನ ಸೈನ್ಯದ ಜೊತೆಗೆ ಕಡಲ್ಗಳ್ಳರ ಹಡಗುಗಳೂ ಇದ್ದವೆಂದು ದಿಯೊದೊರಸ್ ಹೇಳುತ್ತಾನೆ.

ಒಂದೊಂದು ಆಧಾರವನ್ನೂ ಬಿಡಿಯಾಗಿ ತೂಗಿದಾಗ ವಾದದ ಬಿಗಿ ಕಡಿಮೆಯಾಗುತ್ತದೆ. ಕಬ್ಬಿಣ ಸಮುದ್ರದಲ್ಲಿ ತುಕ್ಕು ಹಿಡಿಯುವಾಗ ಸುತ್ತಲಿನ ಮರಳು, ಚಿಪ್ಪು, ಸುಣ್ಣಗಳನ್ನು ಸೇರಿಸಿಕೊಂಡು ಗಟ್ಟಿ ಹೆಪ್ಪಾಗಿ ಪಕ್ಕದಲ್ಲಿರುವುದಕ್ಕೆಲ್ಲ ಅಂಟಿಕೊಳ್ಳುತ್ತದೆ. ಆದ್ದರಿಂದ ಈಟಿಮೊನೆ ಸೀಸದ ಹೊದಿಕೆಗೆ ಅಂಟಿರುವುದರಿಂದಲೇ ಅದು ಎಸೆದು ನಾಟಿದ್ದೆಂದು ಹೇಳಲಾಗದು. ಕಡಲ್ಗಳ್ಳರ ಭಯವಿದ್ದ ಕಾಲದಲ್ಲಿ ವರ್ತಕ ನಾವಿಕರೇ ಈಟಿಗಳನ್ನು ಇಟ್ಟುಕೊಂಡಿರುವುದು ಸಹಜ, ಒಡಲು ಸೀಳಿ ಬಿಚ್ಚಿಕೊಂಡಾಗ ಅವು ಹೊರಗೆ ಜಾರಿರಲೂಬಹುದು. ಬೆಲೆಬಾಳುವ ವಸ್ತುಗಳು ಇಲ್ಲದಿರುವುದಕ್ಕೆ ಕೊಳ್ಳೆ ಒಂದೇ ಕಾರಣವಲ್ಲ: ದಡ ಒಂದು ಮೈಲಿಗೂ ಹತ್ತಿರದಲ್ಲಿರುವಾಗ ನಾವೆ ನಿಧಾನವಾಗಿ ನೀರು ತುಂಬಿಕೊಂಡರೆ ಮನುಷ್ಯರು ಮೊದಲು ಎತ್ತಿಕೊಳ್ಳುವುದು ಹಣದ ಚೀಲವನ್ನೇ. ಸೀಸದ ತಗಡಿನ ಮೇಲೆ ಬರಹವೇ ಇಲ್ಲದಿರುವಾಗ ಅದನ್ನು ಶಾಪವೆಂದು ಕರೆಯುವುದು ಅದರ ಮಡಿಕೆ ಮತ್ತು ಮೊಳೆಯ ಆಕಾರವೊಂದನ್ನೇ ನೆಚ್ಚಿದ ತೀರ್ಮಾನ. ಅದು ಶಾಪವೇ ಆಗಿದ್ದರೂ ಅದನ್ನು ಬಡಿದವರು ಕಡಲ್ಗಳ್ಳರೇ ಎಂಬುದಕ್ಕೆ ಪ್ರತ್ಯೇಕ ಆಧಾರ ಬೇಕು. ವ್ಯಾಪಾರದ ಎದುರಾಳಿಯೊಬ್ಬ ಹಿಂದಿನ ಬಂದರಿನಲ್ಲೇ ಗುಟ್ಟಾಗಿ ಅದನ್ನು ನಾವೆಗೆ ಸೇರಿಸಿರಬಹುದಾದ ಸಾಧ್ಯತೆಯೂ ಅಷ್ಟೇ ಬಲವಾದದ್ದು. ಯುದ್ಧಕಾಲದ ಕಡಲ್ಗಳ್ಳರ ಹಿನ್ನೆಲೆಯಾದರೋ, 2024ರ ಕಾಲನಿರ್ಣಯವನ್ನು ಒಪ್ಪಿದರೆ, ರೋಡ್ಸ್ ಮುತ್ತಿಗೆಯಿಂದ ಕನಿಷ್ಠ ಹದಿನೆಂಟು ವರ್ಷ ದೂರ ಸರಿಯುತ್ತದೆ. ಸೈಪ್ರಸ್ ಅಷ್ಟರಲ್ಲಿ ದೆಮೆತ್ರಿಯಸನ ಕೈತಪ್ಪಿ ಈಜಿಪ್ಟಿನ ಟಾಲೆಮಿಯ ಆಡಳಿತಕ್ಕೆ ಬಂದಿತ್ತು. ಕಡಲ್ಗಳ್ಳರು ಆಗಲೂ ಇದ್ದರೆಂಬುದು ನಿಜ, ಆದರೆ ಅವರಿಗೆ ಒಬ್ಬ ರಾಜನ ಬೆನ್ನುಬಲವಿದ್ದ ಸನ್ನಿವೇಶವನ್ನು ಈ ನಾವೆಗೆ ಆರೋಪಿಸಲು ಬರುವುದಿಲ್ಲ.

ಇದರೆದುರು ಮುದಿ ಒಡಲಿನ ಸಾಕ್ಷ್ಯವನ್ನಿಟ್ಟು ನೋಡಬೇಕು. ಒಮ್ಮೆ ಮುರಿದು ಕೂಡಿಸಿದ ಅಡಿಮರ, ಕೊಳೆತ ಮೂತಿ, ಸೀಸದ ತಗಡಿನಡಿಯಲ್ಲಿ ಮುಚ್ಚಿಟ್ಟ ಸೇರಿಕೆಗಳು, ತಳದಲ್ಲಿ ಕಲ್ಲುಗಳು, ಮೇಲೆ ನಾನೂರು ತುಂಬಿದ ಜಾಡಿಗಳು. ಬಲವೆಲ್ಲ ಚಿಪ್ಪಿನಲ್ಲಿರುವ ನಾವೆಯಲ್ಲಿ ಚಿಪ್ಪು ದಣಿದರೆ ಪಕ್ಕೆಮರಗಳು ಅದನ್ನು ಕಾಪಾಡಲಾರವು. ಇಂಥ ನಾವೆಗೆ ಬಡಗಣ ಗಾಳಿ ಬೀಸುವ ಕಿರೇನಿಯಾದ ತೆರೆದ ದಂಡೆಯ ಮುಂದೆ ಒಂದು ಕೆಟ್ಟ ಮಧ್ಯಾಹ್ನ ಸಾಕು. ಇದರಿಂದ ದಾಳಿಯ ಕಲ್ಪನೆ ಅಸಾಧ್ಯವೆಂದು ಸಿದ್ಧವಾಗದು. ಸೋರುವ ನಾವೆಯನ್ನೂ ಕಡಲ್ಗಳ್ಳರು ದೋಚಬಲ್ಲರು. ಆದರೆ ಎರಡು ವಿವರಣೆಗಳಲ್ಲಿ ಒಂದಕ್ಕೆ ನಾವೆಯ ಪ್ರತಿಯೊಂದು ಹಲಗೆಯೂ ಸಾಕ್ಷಿ ಹೇಳುತ್ತದೆ, ಇನ್ನೊಂದಕ್ಕೆ ಎಂಟು ಈಟಿಮೊನೆಗಳು ಮತ್ತು ಬರಹವಿಲ್ಲದ ಒಂದು ತಗಡು ಮಾತ್ರ. ಜನಪ್ರಿಯ ನಿರೂಪಣೆ ಎರಡನೆಯದಕ್ಕೇ ಒಲಿದಿರುವುದು ಅದು ರೋಚಕವೆಂಬ ಕಾರಣಕ್ಕೇ ಹೊರತು ಸಾಕ್ಷ್ಯದ ತೂಕದಿಂದಲ್ಲ. ಹಾಯಿಯ ಬಳೆಗಳು ಹಿಂಭಾಗದಲ್ಲಿ ಒಟ್ಟುಗೂಡಿದ್ದ ಸಂಗತಿ ಮಾತ್ರ ಎರಡು ವಿವರಣೆಗಳಿಗೂ ಸುಲಭವಾಗಿ ಹೊಂದುವುದಿಲ್ಲ. ಅದು ಬದಲಿ ಹಾಯಿಯಲ್ಲವಾದರೆ, ನಾವೆಯು ಆಗ ಲಂಗರು ಹಾಕಿ ನಿಂತಿತ್ತೆಂದೋ, ಬಿರುಗಾಳಿಗೆ ಮೊದಲೇ ಹಾಯಿ ಇಳಿಸಿದ್ದರೆಂದೋ ಭಾವಿಸಬೇಕಾಗುತ್ತದೆ.

ಮೇಲೆ ಬಂದ ನಂತರದ ಬಾಳೂ ನಾವೆಗೆ ಸುಗಮವಾಗಿರಲಿಲ್ಲ. 1974ರ ಜುಲೈನಲ್ಲಿ ಟರ್ಕಿಯ ಸೇನೆ ಕಿರೇನಿಯಾದ ಸಮೀಪದ ದಂಡೆಯಲ್ಲೇ ಇಳಿದು, ದ್ವೀಪ ಎರಡಾಗಿ ಒಡೆಯಿತು. ಮರುಜೋಡಣೆಗೊಂಡ ಹಡಗು ಕೋಟೆಯೊಳಗೆ ಗಡಿಯ ಆಚೆ ಉಳಿಯಿತು, ಅದನ್ನು ಅಗೆದವರೂ ಜೋಡಿಸಿದವರೂ ಈಚೆ ಬಂದರು. ಅಂತಿಮ ಉತ್ಖನನ ವರದಿಯ ಮೊದಲ ಸಂಪುಟ ಹೊರಬರಲು 2022ರವರೆಗೆ ಕಾಯಬೇಕಾದದ್ದಕ್ಕೆ ಇದೂ ಒಂದು ಹಿನ್ನೆಲೆ. ಸೈಪ್ರಸ್ ಗಣರಾಜ್ಯ ಈ ನಾವೆಯನ್ನು ತನ್ನ ಕಡಲ ಪರಂಪರೆಯ ಲಾಂಛನವಾಗಿಸಿಕೊಂಡು, 2008ರಿಂದ ತನ್ನ 10, 20 ಮತ್ತು 50 ಸೆಂಟ್ ಯೂರೊ ನಾಣ್ಯಗಳ ಮೇಲೆ ಅಚ್ಚು ಹಾಕಿದೆ. ಗ್ರೀಸಿನ ಪೆರಾಮದಲ್ಲಿ ಚಿಪ್ಪನ್ನು ಮೊದಲು ಕಟ್ಟುವ ಪ್ರಾಚೀನ ಕ್ರಮದಲ್ಲೇ ನಿರ್ಮಿಸಿ 1985ರಲ್ಲಿ ನೀರಿಗಿಳಿಸಿದ ‘ಕಿರೇನಿಯಾ 2’ ಎಂಬ ಪ್ರತಿರೂಪವು 1986–87ರಲ್ಲಿ ಗ್ರೀಸಿನಿಂದ ಸೈಪ್ರಸ್‌ಗೂ ಅಲ್ಲಿಂದ ಮರಳಿಯೂ ಪ್ರಯಾಣ ಮಾಡಿ, ಒಟ್ಟಾರೆ ಗಂಟೆಗೆ ಮೂರು ನಾಟಿಕಲ್ ಮೈಲಿಯ ಆಸುಪಾಸಿನ ವೇಗವನ್ನು ದಾಖಲಿಸಿತು. ‘ಕಿರೇನಿಯಾ ಲಿಬರ್ಟಿ’ ಎಂಬ ಇನ್ನೊಂದು ಪ್ರತಿರೂಪ 2004ರ ಒಲಿಂಪಿಕ್ಸಿನ ಕಂಚಿನ ಪದಕಗಳಿಗೆಂದು ಸೈಪ್ರಸಿನ ತಾಮ್ರವನ್ನು ಅಥೆನ್ಸಿಗೆ ಒಯ್ದಿತು. ಹಾಯಿಯ ನಿರ್ವಹಣೆ, ಸೇರಿಕೆಗಳ ಬಲ, ವೇಗ ಇವುಗಳ ವಿಚಾರದಲ್ಲಿ ಈ ಪ್ರಯೋಗಗಳು ಬೆಲೆಬಾಳುವ ಮಾಹಿತಿ ಕೊಟ್ಟಿವೆ. ಮುಳುಗಡೆಯ ಚರ್ಚೆಗೆ ಅವುಗಳಿಂದ ದೊರೆಯುವ ನೆರವು ಅಷ್ಟಕ್ಕಷ್ಟೇ, ಏಕೆಂದರೆ ಪ್ರತಿರೂಪಗಳು ಕಡಲಿಗಿಳಿದದ್ದು ಹೊಸ ಮರದ ಮೈಯಲ್ಲಿ. ಒಡೆದ ಅಡಿಮರ, ಬದಲಾಯಿಸಿದ ಹಲಗೆ, ಸೀಸದ ಹೊದಿಕೆಗಳೊಂದಿಗೆ ಕೊನೆಯ ಸ್ಥಿತಿಯ ನಾವೆಯನ್ನು ಮರುರೂಪಿಸಿ, ತುಂಬಿದ ಹೊರೆಯಲ್ಲಿ ಅದು ಎಷ್ಟು ನೀರು ಒಸರುತ್ತಿತ್ತು, ನಾಲ್ವರು ಅದನ್ನು ಎಷ್ಟು ಹೊತ್ತು ಮೊಗೆದು ಹಾಕಬಲ್ಲವರಾಗಿದ್ದರು ಎಂಬುದನ್ನು ಪರೀಕ್ಷಿಸುವ ಕೆಲಸವನ್ನು ಈ ಪ್ರತಿರೂಪಗಳು ಮಾಡಿಲ್ಲ.